ನನ್ನವ್ವನ ಎತ್ತರದ ಮಗಳು

ಕಪ್ಪತಗುಡ್ಡದ ತಪ್ಪಲು,
ಫೆಬ್ರವರಿ ೩೦, ೨೧೯೬

ಹುಲಿಗೆಮ್ಮ ಆಯಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ಚಂದ್ರಕಳಾಳ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಾರದು. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ಯಾವ ತಿಂಗಳಿಗೂ ಸೇರದ ಬಿಡುವಿನ ದಿನಗಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇನ್ನೂ ಮೂವತ್ತು ದಾಟದ ನಿಮ್ಮನ್ನು ಆಯಿ ಎಂದು ಕರೆಯುತ್ತಿರುವುದಕ್ಕೂ ಮನ್ನಿಸಬೇಕು. ಮನೆತನದಲ್ಲಿ ಹರಿದುಬಂದ ಗುಣಗಳನ್ನು ಬರೆದಿಡುವ ದಾಖಲೆಗೆ ನಾವು ಕುಲಸುರುಳಿ ಎನ್ನುತ್ತೇವೆ. ನಮ್ಮ ಸುರುಳಿಯಲ್ಲಿ ಎಲ್ಲರಿಗಿಂತ ಮೇಲೆ ಇರುವುದು ನಿಮ್ಮ ಹೆಸರು: ಹುಲಿಗೆಮ್ಮ, ಮುಂಡರಗಿ, ೨೦೨೬ರಲ್ಲಿ ವಯಸ್ಸು ಇಪ್ಪತ್ತೊಂಬತ್ತು, ಒಂದು ಮಗು, ನಾಲ್ಕು ಅಡಿ ಒಂಬತ್ತು ಇಂಚು. ನಿಮ್ಮ ಬಗ್ಗೆ ಇಷ್ಟೇ ಗೊತ್ತು. ಆದರೂ ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟು ಬೇರೆ ಯಾರೂ ನೆನಪಾಗಲಿಲ್ಲ.

ನನ್ನವ್ವ ಶರಣವ್ವನೂ ನಾಲ್ಕು ಅಡಿ ಒಂಬತ್ತೇ ಇದ್ದಳು. ನಾನು ಐದು ಅಡಿ ಏಳು. ಇದು ನನ್ನ ಸ್ವಂತದ್ದಲ್ಲ. ಎಂಟನೆಯ ವರ್ಷದಿಂದ ವಾರಕ್ಕೊಮ್ಮೆ ತೋಳಿಗೆ ಹಚ್ಚುವ ನೀಳಮದ್ದು ನಮ್ಮ ಕಾಲದಲ್ಲಿದೆ. ಮಿದುಳಿನ ಬುಡದ ಕಡಲೆಕಾಳಿನಷ್ಟು ಗ್ರಂಥಿ ಮಕ್ಕಳನ್ನು ಬೆಳೆಸುವ ಹಾರ್ಮೋನು ಸುರಿಸುತ್ತದಲ್ಲ, ಅದರ ಕೆಲಸವನ್ನೇ ಈ ಮದ್ದು ಹೆಚ್ಚಿಸುತ್ತದೆ. ಹುಡುಗಿ ಮೈನೆರೆಯುವ ಹೊತ್ತಿಗೆ ಬೇರೆ ಹಾರ್ಮೋನುಗಳು ಬಂದು, ಮೊದಲು ಸರ್ರನೆ ಬೆಳೆಸಿ, ಆಮೇಲೆ ಮೂಳೆಗಳ ಮೆತ್ತನೆಯ ತುದಿಗಳನ್ನು ಗಟ್ಟಿ ಮಾಡಿಬಿಡುತ್ತವೆ. ಅದಕ್ಕೆ ನಾವು ಬೀಗ ಬಿತ್ತು ಎನ್ನುತ್ತೇವೆ. ಬೀಗ ಬಿದ್ದ ಮೇಲೆ ಯಾವ ಮದ್ದೂ ನಡೆಯದು.

ಹನ್ನೆರಡಕ್ಕೇ ನಾನು ಅವ್ವನನ್ನು ಮೀರಿದೆ. ಆಮೇಲೆ ತಬ್ಬಿಕೊಳ್ಳಬೇಕೆಂದರೆ ಬಗ್ಗಬೇಕಾಗುತ್ತಿತ್ತು. ಸಂತೆಯಲ್ಲಿ ಜನ ನಮ್ಮನ್ನು ತಾಯಿ ಮಗಳೆಂದು ಗುರುತಿಸುತ್ತಿರಲಿಲ್ಲ. ನನಗೆ ಇಪ್ಪತ್ತೆರಡಾದಾಗ ಅವ್ವ ಹೋದಳು. ಅಷ್ಟು ಗಿಡ್ಡ ಹೆಂಗಸು ನಮ್ಮ ಊರಲ್ಲಿ ಮತ್ತೊಬ್ಬಳಿರಲಿಲ್ಲ. ಬೀದಿಯಲ್ಲಿ ನಡೆವಾಗ ನನ್ನ ಕಣ್ಣು ಜನರ ಹೆಗಲ ಮಟ್ಟದಲ್ಲಿ ಅವಳನ್ನು ಹುಡುಕುತ್ತಲೇ ಇರುತ್ತಿತ್ತು.

ಮಗಳು ಸಿರಿಗೌರಿ ಹುಟ್ಟಿದಳು. ನಾನೂ ನನ್ನ ಗಂಡನೂ ಎತ್ತರದವರೇ, ಆದರೆ ಇಬ್ಬರೂ ಮದ್ದಿನಿಂದ ಬೆಳೆದವರು. ಮದ್ದು ಕೊಟ್ಟ ಎತ್ತರ ಮಕ್ಕಳಿಗೆ ಇಳಿಯುವುದಿಲ್ಲ; ಇಳಿಯುವುದು ಹುಟ್ಟಿನಿಂದ ಬಂದದ್ದು ಮಾತ್ರ. ಅದೂ ಒಂದು ಜೀನಿನ ಮಾತಲ್ಲ. ಸಾವಿರಾರು ಜೀನುಗಳು ಕೂಡಿ, ಒಂದೊಂದೂ ಎಳ್ಳಷ್ಟು ಏರಿಸಿ ಇಳಿಸಿ, ಮಗುವಿನ ಎತ್ತರ ತೀರ್ಮಾನಿಸುತ್ತವೆ. ಎಂಟು ತುಂಬಿದ ಸಿರಿಯನ್ನು ಡಾಕ್ಟರ್ ಹಯ್ಯಾಳಪ್ಪನವರ ಹತ್ತಿರ ಕರೆದೊಯ್ದೆ. ರಕ್ತ, ಥೈರಾಯಿಡ್, ಮಣಿಕಟ್ಟಿನ ಎಕ್ಸ್‌ರೇ ಎಲ್ಲ ನೋಡಿ ಅವರು, "ಇದು ರೋಗ ಅಲ್ಲಮ್ಮ, ಬಳುವಳಿ. ನಿಮ್ಮ ತಾಯಿಯವರ ಹಂಗ ಆಗ್ತಾಳ. ಮದ್ದು ಕೊಡೋದು ಬಿಡೋದು ನಿಮಗ ಬಿಟ್ಟದ್ದು," ಎಂದರು.

ನಿಮ್ಮ ತಾಯಿಯವರ ಹಂಗ. ಆ ಮಾತು ಕೇಳಿ ನನ್ನ ಎದೆಯಲ್ಲಿ ಏನಾಯಿತೆಂದು ಹೇಗೆ ಬರೆಯಲಿ? ಸಮುದ್ರದ ಕೆಲಸದಲ್ಲಿದ್ದ ಗಂಡ, ನಿನಗೆ ತಿಳಿದಂತೆ ಮಾಡು ಎಂದುಬಿಟ್ಟ. ನಾನು ಮದ್ದು ತರಲಿಲ್ಲ. ಗೆಳತಿಯರೆಲ್ಲ ತೋಳಿಗೆ ಪಟ್ಟಿ ಹಚ್ಚಿಕೊಂಡು ಬರುವುದನ್ನು ಕಂಡು ಸಿರಿ, "ನನಗ್ಯಾಕ ಇಲ್ಲವ್ವಾ?" ಎಂದು ಕೇಳಿದಾಗ, "ನಿನ್ನ ಮೈಗೆ ಅದು ಒಗ್ಗೂದಿಲ್ಲಂತ, ಡಾಕ್ಟರೇ ಹೇಳ್ಯಾರ," ಎಂದೆ. ಅವಳು ನಂಬಿದಳು. ಅಂಗಳದಲ್ಲಿ ಅವಳು ಬೆನ್ನು ಮಾಡಿ ನಿಂತರೆ ನಾನು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ.

ಅವಳ ಕಣ್ಣಿದ್ದದ್ದು ಗುಡ್ಡದ ಮೇಲಿನ ಗಾಳಿಯಂತ್ರಗಳ ಮೇಲೆ. ಅವನ್ನು ಹತ್ತಿ ರಿಪೇರಿ ಮಾಡುವವರ ಶಾಲೆಗೆ ಸೇರಲು ಐದು ಅಡಿ ನಾಲ್ಕು ಇಂಚು ಇರಬೇಕು. ಒಳಗಿನ ಏಣಿ, ಕೊಂಡಿಗಳೆಲ್ಲ ಆ ಅಳತೆಯವು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಆಯಿ.

ಹದಿಮೂರು ತುಂಬಿದ ಮೇಲೆ, ಮೈನೆರೆದು ಒಂದೂವರೆ ವರ್ಷವಾಗಿದ್ದಾಗ, ಅವಳು ಒಬ್ಬಳೇ ಡಾಕ್ಟರ ಬಳಿ ಹೋದಳು. ಒಗ್ಗದಿದ್ದರೂ ಸರಿ, ಸ್ವಲ್ಪವಾದರೂ ಕೊಡಿ ಎಂದು ಬೇಡಿದಳಂತೆ. ಅವರು ಬೆರಗಾಗಿ, ಒಗ್ಗುವುದಿಲ್ಲವೆಂದು ಹೇಳಿದವರು ಯಾರು ಎಂದು ಕೇಳಿದರಂತೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನೆದುರು ನಿಂತಳು.

"ಯಾಕ ಸುಳ್ಳ ಹೇಳ್ದಿ?"

"ನೀ ನನ್ನವ್ವನ ಹಂಗ ಕಾಣ್ತಿದ್ದಿ, ಸಿರಿ. ಆಕಿನ್ನ ಮತ್ತೊಮ್ಮೆ ಕಳಕೊಳ್ಳಾಕ ಆಗಲಿಲ್ಲ ನನಗ."

"ನಿನ್ನವ್ವ ಸತ್ತಾಳ. ನಾ ಬದುಕೇನಿ."

ಇಷ್ಟೇ ಹೇಳಿ ಒಳಗೆ ಹೋದಳು. ಮರುದಿನವೇ ಮದ್ದು ತಂದೆ. ಆದರೆ ಏಳು ತಿಂಗಳಲ್ಲಿ ಬೀಗ ಬಿತ್ತು. ನಾಲ್ಕು ಅಡಿ ಹತ್ತು ಇಂಚಿಗೆ ಅವಳು ನಿಂತಳು. ಹದಿನೇಳಕ್ಕೆ ಮನೆ ಬಿಟ್ಟು ರಾಯಚೂರಿಗೆ ಹೋಗಿ, ಯಂತ್ರಗಳ ನಕ್ಷೆ ಬರೆಯುವ ಕೆಲಸ ಕಲಿತಳು. ಮೂರು ವರ್ಷ ನನ್ನ ಕರೆಗೆ ಒಂದೆರಡು ಮಾತಿನ ಉತ್ತರ ಮಾತ್ರ. ಅವ್ವನಿಗಾಗಿ ಹಂಬಲಿಸಿದ್ದಕ್ಕಿಂತ ಹೆಚ್ಚಾಗಿ, ಬದುಕಿಯೇ ಇದ್ದ ಈ ಮಗಳಿಗಾಗಿ ಹಂಬಲಿಸಿದೆ.

ಹೋದ ತಿಂಗಳು ಬಂದಿದ್ದಳು. ಗಿಡ್ಡ ದೇಹದವರೂ ಹತ್ತಬಲ್ಲ ಏಣಿಯ ನಕ್ಷೆ ಬರೆದಿದ್ದಾಳೆ. ಗುಡ್ಡದ ಒಂದು ಯಂತ್ರದಲ್ಲಿ ಅದನ್ನು ಪರೀಕ್ಷೆಗೆ ಹಾಕಿದ್ದಾರಂತೆ. ಹತ್ತಿ ತೋರಿಸಲೆಂದೇ ಬಂದದ್ದು. ಗುಡ್ಡಕ್ಕೆ ಹೋಗುವ ಮೊದಲು ಅಡುಗೆಮನೆಯಲ್ಲಿ ಮೇಲಿನ ಹಲಗೆಯ ಅವಲಕ್ಕಿ ಡಬ್ಬಿಗೆ ಕೈ ಚಾಚಿದಳು, ಎಟುಕಲಿಲ್ಲ. ನಾನು ಎದ್ದೆ. "ಕುಂದರವ್ವಾ, ನಾನ ತಗೋತೀನಿ," ಎಂದು ಸ್ಟೂಲು ಎಳೆದುಕೊಂಡಳು. ಎಷ್ಟೋ ವರ್ಷದ ಮೇಲೆ ಅವ್ವಾ ಎಂದಿದ್ದಳು. ನಾನು ಕೂತೆ.

ಆಯಿ, ಒಂದೇ ಬೇಡಿಕೆ. ನಿಮ್ಮ ಮಗುವನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯುವಾಗ, ಆ ಮುಖದಲ್ಲಿ ನಿಮ್ಮ ಹಿರಿಯರು ಯಾರಾದರೂ ಇಣುಕಿದರೆ ಕಣ್ಣು ತುಂಬ ನೋಡಿಕೊಳ್ಳಿ. ನೋಡಿಯಾದ ಮೇಲೆ ಆಟಕ್ಕೆ ಬಿಟ್ಟುಬಿಡಿ.

ನಿಮ್ಮ,
ಚಂದ್ರಕಳಾ