ಉಡಿ ತುಂಬುವ ಮುಂಚಿನ ಹೆಬ್ಬೆಟ್ಟು

ಬನವಾಸಿ
೧೭-೮-೧೯೫೯

ಚಿರಂಜೀವಿ ಅಂದಾನಪ್ಪನಿಗೆ ಅಜ್ಜಿ ಪಾರ್ವತವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಸಿಟ್ಟಾಗುವ ಸರದಿ ನನ್ನದು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಸಾವಕಾಶ ಓದು.

ನೀನು ಕಾಯಿದೆ ಕಾಲೇಜಿನಲ್ಲಿ ಪ್ರೊಫೆಸರ್ ಆದೆ ಎಂದು ನಿನ್ನಪ್ಪ ಶಿವಲಿಂಗಪ್ಪ ಓಣಿಗೆಲ್ಲ ಪೇಢೆ ಹಂಚಿದ. ಪಕ್ಕದ ಮನೆ ಚೌಡಮ್ಮ ಪೇಢೆ ಬಾಯಲ್ಲಿಟ್ಟುಕೊಂಡೇ ಕೇಳಿದಳು: "ಹಂಗಾರ ಕೋರ್ಟಿನಾಗ ನಿಂದರ್ತಾನೇನ್ರಿ?"

"ಇಲ್ಲವ್ವಾ, ನಿಂದರೋರಿಗೆ ಪಾಠ ಹೇಳ್ತಾನ."

"ಅಂದ್ರ ತಾ ಉಳೂದಿಲ್ಲ, ಎತ್ತು ಪಳಗಸ್ತಾನ ಅನ್ರಿ!"

ಇನ್ನೊಂದು ಪೇಢೆ ಕೊಟ್ಟು ಕಳಿಸಿದೆ. ನೀನು ಮೊದಲು ತತ್ತ್ವಶಾಸ್ತ್ರವೆಂದು ವರ್ಷಗಟ್ಟಲೆ 'ನಾನು ಯಾರು' ಎಂದು ಓದಿದೆ, ಏಳು ಹುಡುಗರಿಗೆ ಅದನ್ನೇ ಕಲಿಸಿದೆ. ಅದು ಬೇಸರವಾಗಿ ಈಗ ಕಾಯಿದೆ ಹಿಡಿದು 'ಇದು ಯಾರದು' ಎಂದು ಕಲಿಸುತ್ತೀ. ಇರಲಿ, ಎರಡನೆಯ ಪ್ರಶ್ನೆಗಾದರೂ ಉತ್ತರ ಇರುತ್ತದೆ.

ಮೊನ್ನೆ ಲಾರಿ ಮುನಾಫ್ ಉಪ್ಪಿನ ಚೀಲ ಇಳಿಸಲು ಬಂದಿದ್ದ. "ಅಜ್ಜೀ, ಶಿರಸ್ಯಾಗ ನಿಮ್ಮ ಮೊಮ್ಮಗಂದು ಭಾಷಣ ಕೇಳ್ದೆ. ಅಪ್ಪ ಸತ್ರೆ ಮಗಳಿಗೂ ಪಾಲೈತಿ, ಹೆಂಡ್ತಿಗೂ ಪಾಲೈತಿ, ಹೊಸ ಕಾಯ್ದೆ ಬಂದು ಮೂರು ವರ್ಷ ಆತು ಅಂದ್ರು. ಜನ ಚಪ್ಪಾಳಿ ಏನ್ ಹೊಡದ್ರು ಅಂತೀರಿ!" ಅಂದ.

ಶಿರಸಿಯವರೆಗೆ ಬಂದವನಿಗೆ ಬನವಾಸಿ ದೂರವಾಯಿತೇನೋ? ಹದಿನೈದು ಮೈಲು!

ಅಲ್ಲೋ, ಎರಡು ವರ್ಷದ ಹಿಂದೆ ನಿಮ್ಮಜ್ಜ ತೀರಿಕೊಂಡಾಗ ಆ ಕಾಯಿದೆ ಎಲ್ಲಿ ಮಲಗಿತ್ತು? ಕರ್ಮ ಮುಗಿಸಿ ನಿನ್ನ ಸೋದರತ್ತೆ ಗೌರಕ್ಕ ಯಲ್ಲಾಪುರಕ್ಕೆ ಹೊರಟು ನಿಂತಿದ್ದಳು. ನಿನ್ನವ್ವ ಉಡಿ ತುಂಬಲೆಂದು ನಾನು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದಿದ್ದೆ. ನಿನ್ನಪ್ಪ ಆಗಲೇ ಹಕ್ಕು ಬಿಟ್ಟ ಪತ್ರವನ್ನು ಅವಳ ಮುಂದಿಟ್ಟ. ಒಕ್ಕಣೆ ನಿನ್ನದು, ಆಗಲೇ ಕಾಯಿದೆ ಓದುತ್ತಿದ್ದೆಯಲ್ಲ. ತವರಿನ ಉಡಿಗೆ ಸೆರಗೊಡ್ಡಿ ನಿಂತ ಮಗಳು ಒಲ್ಲೆ ಅನ್ನುತ್ತಾಳೇನು? ಮೊದಲು ಹೆಬ್ಬೆಟ್ಟು, ಆಮೇಲೆ ಉಡಿ. ಹೋಗುವ ದಾರಿಯಲ್ಲೇ ಶಿರಸಿಯಲ್ಲಿ ನೋಂದಣಿಯೂ ಆಯಿತು.

ಕೇಳಿದರೆ ನಿನ್ನಪ್ಪ "ರೂಢಿ ಐತವ್ವಾ, ಎಲ್ಲಾರ ಮನ್ಯಾಗೂ ಹಿಂಗ" ಅನ್ನುತ್ತಾನೆ. ಅವನಿಗೆ ರೂಢಿ ಸಾಕು. ನಿನಗೆ ಸಾಲದು, ನೀನು ಓದಿದವನು.

ಈಗ ಕೇಳು. ನನ್ನಿಂದ ನೀವು ಯಾವ ಕಾಗದಕ್ಕೂ ರುಜು ಹಾಕಿಸಲಿಲ್ಲ. ಮುದುಕಿ ಒಲೆ ಬಿಟ್ಟು ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡಿರಿ. ಮುನಾಫ್ ಹೇಳಿದ 'ಹೆಂಡತಿ' ನಾನೇ ಅಲ್ಲವೇನೋ? ನನ್ನ ಪಾಲು ಗೌರಕ್ಕನ ಹೆಸರಿಗೆ ಆಗಬೇಕು. ಮಹಾನವಮಿ ರಜೆಗೆ ಬಾ. ಒಕ್ಕಣೆ ನೀನೇ ಬರೆ, ನಿನ್ನಪ್ಪನ ಎದುರೇ ಕೂತು ಬರೆ. ಬಾರದಿದ್ದರೆ ಮುನಾಫನ ಲಾರಿ ಹತ್ತಿ ಶಿರಸಿಗೆ ಹೋಗುತ್ತೇನೆ; ನಿನ್ನಂಥವರು ಪಳಗಿಸಿದ ಎತ್ತು ಯಾವುದಾದರೂ ಅಲ್ಲಿ ಸಿಕ್ಕೀತು.

ನಿನ್ನ ಹೆಂಡತಿ ಶಾರದವ್ವ ತಣ್ಣೀರಲ್ಲಿ ಬಟ್ಟೆ ಒಗೆಯುವುದು ಬೇಡ, ಬಾಣಂತಿ ಮೈ. ಕೂಸಿಗೆ ನನ್ನ ಮುದ್ದು. ಮಧುಕೇಶ್ವರ ನಿನಗೆ ಓದು ಕೊಟ್ಟದ್ದಾಯಿತು, ಇನ್ನು ಬುದ್ಧಿ ಕೊಡಲಿ.

ನಿನ್ನ ಅಜ್ಜಿ
ಪಾರ್ವತವ್ವ

ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ಈ ಪಂಚಮಿಗೂ ಗೌರಕ್ಕ ಬರಲಿಲ್ಲ. ನಾನು ಕಳಿಸಿದ ಕುಬಸದ ಖಣ ಮಡಿಕೆ ಬಿಚ್ಚದೆ ಹಿಂದಕ್ಕೆ ಬಂತು. ಬೈಗುಳವನ್ನೆಲ್ಲ ನಿನಗೆ ಬರೆದೆ. ಆದರೆ ಆ ದಿನ ಅವಳು ಬೆರಳಿಗೆ ಮಸಿ ಹಚ್ಚಿಕೊಂಡು ನನ್ನ ಮುಖ ನೋಡಿ, "ಒತ್ತಲೇನವ್ವಾ?" ಅಂತ ಕೇಳಿದ್ದಳು. "ಒತ್ತವ್ವಾ, ನಮ್ಮ ಅಂದಾನಿ ಬರದಾನ, ತಪ್ಪಿರೂದಿಲ್ಲ" ಅಂದವಳು ನಾನು.