ನೀರಿನ ಚೀಲಕ್ಕೆ ಒಂದೇ ಹೆಸರು

ಉದಕಮಂಡಲ,
ಸೋಮವಾರ, 18-11-2024

ನನ್ನ ರಮ್ಮೀ,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತಾ? ಕೂಸು ಚೆನ್ನಾಗಿ ಒದೆಯುತ್ತಿದೆಯಾ? ಅನ್ನ ಸೇರುತ್ತಿದೆಯಾ, ಇಲ್ಲ ಈಗಲೂ ಬರೀ ಉಪ್ಪಿನಕಾಯಿ ನೆಕ್ಕಿಕೊಂಡು ಕೂತಿದ್ದೀಯಾ? ನಿನ್ನ ಗಂಡನನ್ನು ಕೇಳಿ ಪ್ರಯೋಜನವಿಲ್ಲ. ಏನು ಕೇಳಿದರೂ ಮನುವಿನದು ‘ಚೆನ್ನಾಗವ್ಳೆ ಅಕ್ಕ’ ಎಂಬ ಒಂದೇ ಮಾತು. ಜೀಪಿನ ವಿಚಾರ ಕೇಳಿದರೂ ಅದನ್ನೇ ಹೇಳುತ್ತಾನೆ. ರೆಸಾರ್ಟಿನ ಗೆಸ್ಟುಗಳನ್ನು ಗಾರ್ಡನ್ನಿಗೆ ಬಿಟ್ಟು ಬಂದಿದ್ದಾನೆ, ಅವರು ಸುತ್ತಿ ಮುಗಿಸುವುದರೊಳಗೆ ಈ ಕಾಗದ ಬರೆದು ಅವನ ಕೈಗೆ ಕೊಡಬೇಕು. ಫೋನಿಗೇನಾಗಿತ್ತು ಎನ್ನಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಪಕ್ಕದಲ್ಲಿ ನಿನ್ನ ಅತ್ತೆ ಲಿಂಗಾಜಮ್ಮನವರು. ಇದನ್ನು ಮೊದಲು ನೀನೊಬ್ಬಳೇ ಓದಬೇಕು.

ನಿನಗೆ ಏಳು ತಿಂಗಳು ತುಂಬುತ್ತಾ ಬಂದ ಮೇಲೆ ನನಗೆ ನೆಮ್ಮದಿಯೇ ಇಲ್ಲ ಕಣೇ. ಎರಡು ವರ್ಷದ ಹಿಂದೆ ಆ ಕೂಸು ಹೋದದ್ದೂ ಏಳರಲ್ಲೇ. ಅತ್ತೆ ಈ ಸಲ ನಿನ್ನನ್ನು ಕೊಡ ಮುಟ್ಟಲು ಬಿಡುವುದಿಲ್ಲವಂತೆ, ಒಳ್ಳೆಯದೇ. ಆದರೆ ಬಂದವರಿಗೆಲ್ಲ ‘ಹೋದ್ಸಲ ಕೊಡ ಎತ್ತಿ ಕೂಸ್ನ ಕಳಕಂಡ್ಲು’ ಎಂದು ಈಗಲೂ ಹೇಳುತ್ತಾರೆ ಎಂದು ಮನು ಬಾಯಿಬಿಟ್ಟ. ನೀನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೀಯಂತೆ. ಅದನ್ನು ಕೇಳಿದ ಕೂಡಲೇ ಈ ಕಾಗದ ಬರೆಯಲು ಕೂತೆ.

ನಾನು ವಾರ್ಡಿನ ನರ್ಸ್ ಕೆಲಸ ಬಿಟ್ಟು ಡಾಕ್ಟರ್ ತೇನ್ಮೊಳಿಯವರ ಸಂಶೋಧನೆಗೆ ಸೇರಿ ಮೂರು ತಿಂಗಳಾಯಿತಲ್ಲ, ಆ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಬೇಸರಿಸಬೇಡ. ಈ ಬೆಟ್ಟದ ಹೆಂಗಸರಿಗೆ ದಿನ ತುಂಬುವ ಮೊದಲೇ ಯಾಕೆ ಹೆರಿಗೆಯಾಗುತ್ತದೆ ಎಂದು ನಾಲ್ಕು ಆಸ್ಪತ್ರೆಗಳ ಹಳೆಯ ಹಾಳೆ ತರಿಸಿ ನೋಡುತ್ತಿದ್ದಾರೆ. ಕೂಸಿರುವ ನೀರಿನ ಚೀಲಕ್ಕೆ ಎರಡು ಪೊರೆ, ಒಳಗಿನದೊಂದು, ಹೊರಗಿನದೊಂದು. ಒಬ್ಬರು ಒಳಪೊರೆಯನ್ನಷ್ಟೇ ಮೆಂಬ್ರೇನ್ ಎಂದು ಬರೆದಿದ್ದಾರೆ, ಇನ್ನೊಬ್ಬರು ಎರಡನ್ನೂ ಸೇರಿಸಿ. ಒಂದು ಕಡೆ ಬ್ಯಾಗ್, ಒಂದು ಕಡೆ ತಮಿಳಿನ ಪನಿಕ್ಕುಡಂ. ‘ಒಡೆದಿದೆ’ ಎಂದರೆ ಒಬ್ಬರಿಗೆ ಬಳಬಳನೆ ನೀರು ಹೋದದ್ದು, ಮತ್ತೊಬ್ಬರಿಗೆ ಹನಿ ಜಿನುಗಿದ್ದು. ಒಂದು ವಸ್ತುವಿಗೆ ಒಂದೇ ಹೆಸರಿರಬೇಕು, ಯಾವ ಪೊರೆ, ಎಲ್ಲಿ, ಯಾವಾಗಿನಿಂದ ಎಂದು ಬರೆಯಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು ಎಂದು ಡಾಕ್ಟರಮ್ಮ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗಾಯಿತು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಹೋದ ಗುರುವಾರ ಒಂದು ಹಾಳೆ ಕೈಗೆ ಬಂತು, ನಾನು ಮೊದಲಿದ್ದ ಆಸ್ಪತ್ರೆಯದು. ಎರಡು ದಿನದಿಂದ ಬಟ್ಟೆ ಒದ್ದೆಯಾಗುತ್ತಿದೆ ಎಂದು ಒಬ್ಬ ಬಸುರಿ ಬಂದಿದ್ದಾಳೆ. ಡಾಕ್ಟರು ಆಪರೇಷನ್ನಿನಲ್ಲಿದ್ದರು. ನರ್ಸು ಬೆರಳಲ್ಲಿ ಮುಟ್ಟಿ ನೋಡಿ, ಚೀಲ ಸಿಕ್ಕಿತೆಂದು ‘ಮೆಂಬ್ರೇನ್ ಇನ್‌ಟ್ಯಾಕ್ಟ್’, ಅಂದರೆ ಪೊರೆ ಒಡೆದಿಲ್ಲ ಎಂದು ಬರೆದಿದ್ದಾಳೆ. ಡಾಕ್ಟರು ಆ ಎರಡು ಪದ ನೋಡಿ ಸಹಿ ಹಾಕಿದ್ದಾರೆ, ಹೆಂಗಸು ಮನೆಗೆ ಹೋಗಿದ್ದಾಳೆ. ಮೂರನೇ ದಿನ ಚಳಿಜ್ವರ ಬಂದು ಬೇರೆ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಹಾಳೆಯಲ್ಲಿ ‘ಪೊರೆ ಒಡೆದು ಐದು ದಿನ’ ಎಂದಿದೆ. ಕೂಸು ಉಳಿದಿಲ್ಲ.

ಅಮ್ಮನ ಹಳೆಯ ರಬ್ಬರ್ ಬಿಸಿನೀರಿನ ಚೀಲ ನೆನಪಿದೆಯಾ? ಬಾಯಿಯ ಹತ್ತಿರ ಸೋರಿ ಹಾಸಿಗೆಯೆಲ್ಲ ಒದ್ದೆ, ಕೆಳಗೆ ಒತ್ತಿದರೆ ಮಾತ್ರ ತುಂಬಿಕೊಂಡೇ ಇರುತ್ತಿತ್ತು. ಇದೂ ಹಾಗೆಯೇ. ಮೇಲೆಲ್ಲೋ ಸೀಳಿರುತ್ತದೆ, ಕೆಳಗೆ ಬೆರಳಿಗೆ ಚೀಲ ಗಟ್ಟಿಯಾಗಿ ಸಿಗುತ್ತದೆ. ಆ ನರ್ಸು ಕೈಗೆ ಸಿಕ್ಕಿದ್ದನ್ನು ಬರೆದಳು, ಒದ್ದೆ ಬಟ್ಟೆಯನ್ನು ಬರೆಯಲಿಲ್ಲ.

ಅದಕ್ಕೇ ಬೇಡಿಕೊಳ್ಳುತ್ತೇನೆ ತಾಯಿ, ದಿನಾ ಮಲಗುವಾಗ ಬಿಳಿ ಹತ್ತಿಬಟ್ಟೆ ಇಟ್ಟುಕೋ, ಬೆಳಿಗ್ಗೆ ನೋಡು. ಮನುವಿನ ಕೈಲಿ ಒಂದು ಕಟ್ಟು ಕಳಿಸಿದ್ದೇನೆ. ಒದ್ದೆಯಾಗಿದ್ದರೆ ಮೂತ್ರವಿರಬೇಕು ಎಂದು ನೀನೇ ತೀರ್ಮಾನ ಮಾಡಬೇಡ. ದಾರಿಯಲ್ಲಿ ಆನೆ ನಿಂತಿದೆ, ಬೆಳಗಾಗಲಿ ಎನ್ನಬೇಡ. ಚೆಕ್‌ಪೋಸ್ಟಿನ ಫಾರೆಸ್ಟಿನವರಿಗೆ ಹೇಳಿದರೆ ರಾತ್ರಿಯಾದರೂ ಗೇಟು ತೆಗೆದು ಬಿಡುತ್ತಾರೆ, ಸೀದಾ ಬೆಟ್ಟ ಹತ್ತಿ ಇಲ್ಲಿಗೆ ಬಾ. ಯಾರು ನೋಡಿ ಚೀಲ ಸರಿಯಾಗಿದೆ ಎಂದರೂ ‘ಇಷ್ಟು ಹೊತ್ತಿನಿಂದ ಒದ್ದೆಯಾಗುತ್ತಿದೆ, ಅದನ್ನೂ ಬರೆಯಿರಿ’ ಎಂದು ಹೇಳು. ಬರೆಯುವವರೆಗೂ ಎದ್ದು ಬರಬೇಡ. ಜಗಳಗಂಟಿ ಎನ್ನಲಿ, ಎನ್ನಲಿ ಬಿಡು.

ಅತ್ತೆಗೆ ನಮಸ್ಕಾರ ಹೇಳು. ಮಾದಪ್ಪನೂ ಬೊಕ್ಕಾಪುರದ ಮಾರಮ್ಮನೂ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅಕ್ಕ,
ಮಾದೇವಿ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ರಮ್ಮೀ, ಆ ಹಾಳೆ ನಿನ್ನದು. ಆ ಎರಡು ಪದ ನನ್ನ ಅಕ್ಷರ. ‘ಏನೂ ಆಗಿಲ್ಲ, ಹೋಗಿ ಮಲಗು’ ಎಂದು ನಿನ್ನನ್ನು ಬಸ್ಸು ಹತ್ತಿಸಿದವಳು ನಾನೇ ಅಲ್ಲವಾ. ನೀನು ಕೊಡ ಎತ್ತುವ ಮೊದಲೇ ನೀರು ಸೋರುತ್ತಿತ್ತು. ಅತ್ತೆ ತಪ್ಪನ್ನೆಲ್ಲ ಕೊಡದ ಮೇಲೆ ಹಾಕಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಆಗ ನನಗೂ ಕೊಡವೇ ಕಾರಣ ಎಂದುಕೊಳ್ಳುವುದು ಹಗುರವಾಗಿತ್ತು. ಡಾಕ್ಟರಮ್ಮನಿಗೆ ಎಲ್ಲ ಹೇಳಿ ಹೊಸ ಹಾಳೆಯಲ್ಲಿ ಸರಿಯಾಗಿ ಬರೆದಿದ್ದೇನೆ. ಈ ಮರೆತ ಮಾತನ್ನು ಅತ್ತೆಗೆ ಜೋರಾಗಿ ಓದಿ ಹೇಳು, ಒಂದಕ್ಷರ ಬಿಡಬೇಡ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡು. ಬೈಯುವುದನ್ನು ಆಮೇಲೆ ಬೈ, ಮೊದಲು ಬಟ್ಟೆ ಒಣಗಿಯೇ ಇದೆಯಾ ಹೇಳು.