ಅಕ್ಕನ ದನಿಗೆ ನೀವು ಹಾಕಿದ ಬೀಗ

ಕಂಪ್ಯೂಟರುಗಳ ಒಳಗೆ ಕಾವಲು ಕೂರಿಸಿರುವ ವಿಷಯ ಸಂರಕ್ಷಣಾ ವಿಭಾಗದ ಮುಖ್ಯಸ್ಥರೇ,

ನನ್ನ ಅಕ್ಕನ ದನಿಯನ್ನು ಅಕ್ಕನಿಗೇ ಕೇಳಿಸಲು ನಿಮ್ಮ ವ್ಯವಸ್ಥೆ ಒಪ್ಪುತ್ತಿಲ್ಲ. ಹಾಡು, ಸಿನಿಮಾಗಳನ್ನು ಕಳ್ಳರಿಂದ ಕಾಪಾಡುವುದು ನಿಮ್ಮ ಘನ ಉದ್ದೇಶವೆಂದು ಬಲ್ಲೆ. ಆದರೆ ನಿನ್ನೆ ತೆರೆಕಂಡ ಸಿನಿಮಾದ ಕದ್ದ ಪ್ರತಿ ಇಂದು ಬೀದಿಯಲ್ಲಿ ಸಿಗುತ್ತದೆ. ಕಳ್ಳನಿಗೆ ದಾರಿ ಬಿಟ್ಟು ಮನೆಯೊಡತಿಯನ್ನು ಹೊಸ್ತಿಲಲ್ಲಿ ತಡೆಯುವ ಕಾವಲುಗಾರನಿಗೆ ಏನೆನ್ನಬೇಕು? ಹಾಗೆಂದು ನಾನೇನೂ ಸಾಚಾ ಅಲ್ಲ.

ಅಕ್ಕ ಕಣ್ಣು ಕಾಣದ ಮಕ್ಕಳಿಗಾಗಿ ತಾನೇ ಕಟ್ಟಿದ ಕತೆಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದಳು. ಮುದುಕಿ, ನರಿ, ಪೊಲೀಸಪ್ಪ ಎಲ್ಲರೂ ಅವಳೊಬ್ಬಳ ಗಂಟಲಲ್ಲೇ ವಾಸವಾಗಿದ್ದರು. ಸಿ.ಡಿ.ಗಳು ಬಟ್ಟೆಯ ಕಪಾಟಿನ ಅರ್ಧ ಜಾಗ ನುಂಗಿದ್ದವು. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಎಲ್ಲವನ್ನೂ ಅವಳ ಕಂಪ್ಯೂಟರಿಗೆ ಇಳಿಸಿಕೊಟ್ಟೆ. ಇಳಿಸುವಾಗ, ಆ ಕಂಪ್ಯೂಟರನ್ನು ಬಿಟ್ಟು ಬೇರೆಲ್ಲೂ ತೆರೆಯದಂತೆ ಪ್ರತಿ ಕಡತಕ್ಕೂ ಬೀಗ ಬೀಳುವ ಹಾಗೆ ನೀವು ಮೊದಲೇ ಗೊತ್ತುಮಾಡಿದ್ದಿರಿ. ಇಳಿಸುವ ಮುನ್ನ ಆ ಆಯ್ಕೆಯನ್ನು ತೆಗೆದುಹಾಕಬಹುದಿತ್ತು. ನಾನು ನೋಡಲೇ ಇಲ್ಲ.

"ಸಿ.ಡಿ. ಎಲ್ಲಾ ಬಿಸಾಕಲೇನೋ?" ಎಂದು ಅಕ್ಕ ಕೇಳಿದಳು.

"ಬಿಸಾಕಕ್ಕಾ. ಒಳಗೆ ಭದ್ರವಾಗಿದೆ" ಅಂದೆ. ಚೀಲ ಕಟ್ಟಿ ಗುಜರಿಗೆ ಹಾಕಿದವನೂ ನಾನೇ.

ಆಮೇಲೆ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಮರಳಲಿಲ್ಲ. ಮಾತು ಕಲಿಸುವ ಮೇಡಂ, "ಇವರದೇ ಹಳೇ ಧ್ವನಿ ಇದ್ಯಾ? ಅದನ್ನ ಕೇಳಿಸ್ತಾ ಜೊತೆಜೊತೆಗೇ ಹೇಳಿಸೋಣ" ಅಂದರು. ನನಗೆ ಹಿಗ್ಗೋ ಹಿಗ್ಗು. ಅವಳು ಆಸ್ಪತ್ರೆಯಲ್ಲಿದ್ದಾಗ, ಮನೆಗೆ ಬಂದು ಖುಷಿಪಡಲಿ ಎಂದು, ನಿಧಾನವಾಗಿದ್ದ ಕಂಪ್ಯೂಟರಿನ ಮುಖ್ಯ ಬೋರ್ಡ್ ಬದಲಿಸಿ, ಅದನ್ನು ನಡೆಸುವ ತಂತ್ರಾಂಶವನ್ನೂ ಹೊಸದಾಗಿ ಹಾಕಿದ್ದೆ. ಅವಳನ್ನು ಎದುರು ಕೂರಿಸಿ ಒಂದು ಕತೆಯನ್ನು ಒತ್ತಿದೆ. 'ಇದನ್ನು ಕೇಳುವ ಹಕ್ಕು ನಿಮಗಿಲ್ಲ. ಹಕ್ಕುದಾರರನ್ನು ಸಂಪರ್ಕಿಸಿ' ಎಂದು ಪರದೆಯ ಮೇಲೆ ಮೂಡಿತು. ಎಲ್ಲ ಕತೆಗಳದೂ ಅದೇ ಪಾಡು. ಬೀಗದ ಕೈ ಹಳೆಯ ಬೋರ್ಡಿಗೆ ಅಂಟಿಕೊಂಡಿತ್ತಂತೆ. ಆ ಬೋರ್ಡನ್ನು ನಾನು ಎಂದೋ ಎಸೆದಿದ್ದೆ.

ಹಕ್ಕುದಾರಳು ನನ್ನ ಪಕ್ಕದಲ್ಲೇ ಇದ್ದಳು. ಓದಿದಳು. ಎದೆಯ ಮೇಲೆ ಕೈಯಿಟ್ಟು "ನ... ನ..." ಎಂದಳು. 'ನನ್ನದು' ಎಂಬುದು ಹೊರಡಲಿಲ್ಲ. ಅವಳ ಮುಖ ನೋಡಲಾರದೆ, ವೈರು ಸಡಿಲವಾಗಿದೆಯೇನೋ ಎಂಬಂತೆ ನಾನು ಮೇಜಿನ ಕೆಳಗೆ ಬಗ್ಗಿದೆ.

ಆ ಕಣ್ಣು ಕಾಣದ ಮಕ್ಕಳ ಶಾಲೆಗೆ ಓಡಿದೆ. ಅಕ್ಕ ಅಲ್ಲಿಗೆ ಕೊಟ್ಟಿದ್ದ ಪ್ರತಿಗಳು ಕೇಳಿ ಕೇಳಿ ಗೀರುಬಿದ್ದು ಹಾಳಾಗಿದ್ದವು. ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಸೌಜನ್ಯಕ್ಕೇನೂ ಕೊರತೆಯಿರಲಿಲ್ಲ.

"ಒರಿಜಿನಲ್ ಸಿ.ಡಿ.ಯಿಂದ ಮತ್ತೆ ಇಳಿಸ್ಕೊಳ್ಳಿ ಸಾರ್."

"ಸಿ.ಡಿ. ಇಲ್ಲಪ್ಪಾ."

"ಹಾಗಾದ್ರೆ ಹಕ್ಕುದಾರರೇ ಒಂದ್ಸಲ ಫೋನಲ್ಲಿ ಮಾತಾಡ್ಲಿ ಸಾರ್."

ಯಾರು ಮಾತಾಡಬೇಕು, ಮಾನ್ಯರೇ?

ಈಗ ಅವಳು ಬರೆದಿಟ್ಟ ಕತೆಗಳನ್ನು ನಾನು ಓದುತ್ತೇನೆ, ಅಕ್ಕ ನನ್ನ ಹಿಂದೆ ಹೇಳುತ್ತಾಳೆ. ನನ್ನ ಓದು ಒಣಕಲು. ಅವಳಿಗೆ ನಗು ಬರುತ್ತದೆ. ಮೊನ್ನೆ ಸ್ಪಷ್ಟವಾಗಿ "ತಮ್ಮಾ" ಎಂದು ಕರೆದಳು. ಮೇಡಂ ಚಪ್ಪಾಳೆ ತಟ್ಟಿದರು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನ ಅಜಾಗರೂಕತೆಗೆ ನಾನು ಹೊಣೆ. ಅಜಾಗರೂಕರು ಸಿಕ್ಕಿಬೀಳುವಂತೆ ಕಟ್ಟಿದ್ದಕ್ಕೆ ನೀವು ಹೊಣೆ. ಕೇಳದೆ ಯಾರ ಕಡತಕ್ಕೂ ಬೀಗ ಹಾಕಬೇಡಿ. ತಾವೇ ಹಾಡಿದ, ಓದಿದ, ಬರೆದವರಿಗೆ ಅದನ್ನು ತೆರೆಯುವ ದಾರಿ ಕೊಡಿ. ಅಕ್ಕನ ಕಡತಗಳನ್ನು ಅಳಿಸದೆ ಇಟ್ಟಿದ್ದೇನೆ; ನಿಮ್ಮವರೊಬ್ಬರನ್ನು ಕಳಿಸಿ ತೆರೆಸಿ. ಬಂದವರು ದಯವಿಟ್ಟು ಅವಳನ್ನೇ ಮಾತಾಡಿಸಲಿ, ಉತ್ತರಕ್ಕೆ ಸ್ವಲ್ಪ ಕಾಯಲಿ.

ಇಂತಿ,
ಅಕ್ಕನೆದುರು ಇನ್ನೂ ತಲೆಯೆತ್ತಲಾರದ
ರಿಪೇರಿಯವನು